ಹುಣಸೆ ಹುಚ್ಚ ಮತ್ತು ಡಾಕ್ ಬ್ರೌನ್

ಕಳೆದ ಹಿಂಗಾರಿನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ಮುದಗಲ್ ಹತ್ತಿರದ ಒಂದು ಎರೆ ಹೊಲದಲ್ಲಿ ಕೈಕೊಟ್ಟಿತು. ಅದು ಕಡಲೆ ಬಿತ್ತುವ ಪುಟ್ಟ ಕೂರಿಗೆ. ಲ್ಯಾಬಿನ ಟೇಬಲ್ ಮೇಲೆ ಚಕ್ರ ತಿರುಗಿಸಿದರೆ ಕಾಳು ಎಣಿಸಿದ ಹಾಗೆ ಬೀಳ್ತಿದ್ವು. ರಿವ್ಯೂನಲ್ಲಿ ಒಳ್ಳೆ ಮಾರ್ಕ್ಸೂ ಬಂದಿತ್ತು. ಹೊಲದಲ್ಲಿ ಹತ್ತು ಹೆಜ್ಜೆ ಎಳೆಯುವಷ್ಟರಲ್ಲಿ ಚಕ್ರದ ತುಂಬ ಹಸಿ ಮಣ್ಣು ಮೆತ್ತಿ, ಅದು ತಿರುಗದೆ ಸುಮ್ಮನೆ ಜಾರತೊಡಗಿತು. ಕಾಳು ಬೀಳೋದು ನಿಂತೇಹೋಯಿತು. ಹೊಲದ ಯಜಮಾನರು, ನಾವೆಲ್ಲ ಮುತ್ಯಾ ಅಂತ ಕರೆಯುವವರು, ಬದುವಿನ ಮೇಲೆ ಕೂತು ನೋಡುತ್ತಿದ್ದರು. "ಯಾಕ್ರಪ್ಪಾ ತಮ್ಮಾ, ಇದಕ್ಕ ಟೇಬಲ್ ಮ್ಯಾಗಷ್ಟ ಬಿತ್ತಾಕ ಬರತೈತೇನು?" ಅಂದರು. ನಾವು ನಗಲೂ ಇಲ್ಲ, ಉತ್ತರ ಕೊಡಲೂ ಇಲ್ಲ.

ಇದರ ಹಿಂದಿನ ಲೆಕ್ಕ ಸರಳ. ಯಂತ್ರದ ಕೂರಿಗೆಯಲ್ಲಿ ಬೀಜ ಬೀಳಿಸುವ ತಟ್ಟೆ ನೆಲದ ಮೇಲೆ ಉರುಳುವ ಚಕ್ರದಿಂದಲೇ ತಿರುಗುತ್ತೆ. ಜೋರಾಗಿ ಎಳೆಯಿರಿ, ನಿಧಾನಕ್ಕೆ ಎಳೆಯಿರಿ, ಎರಡು ಕಾಳಿನ ನಡುವಿನ ಅಂತರ ಅಷ್ಟೇ ಇರಬೇಕು ಅನ್ನೋದಕ್ಕೆ ಆ ಏರ್ಪಾಟು. ಆದರೆ ಅದು ಚಕ್ರ ಜಾರುವುದಿಲ್ಲ ಅನ್ನುವ ಒಂದೇ ನಂಬಿಕೆಯ ಮೇಲೆ ನಿಂತಿದೆ. ಎತ್ತಿನ ಕೂರಿಗೆಯ ಹಿಂದೆ ನಡೆಯುತ್ತ ಮುಷ್ಟಿಯಿಂದ ಕಾಳು ಬಿಡುವ ಹೆಣ್ಣುಮಕ್ಕಳಿಗೆ ಈ ತಾಪತ್ರಯ ಇಲ್ಲ. ಅವರ ಕೈಯೇ ಗೇರ್‌ಬಾಕ್ಸ್!

ಆ ರಾತ್ರಿ ಹಾಸ್ಟೆಲ್‌ಗೆ ಬಂದು 'ಬ್ಯಾಕ್ ಟು ದ ಫ್ಯೂಚರ್' ಹಾಕಿಕೊಂಡೆವು. 1985ರ ಸಿನಿಮಾ, ನಮ್ಮಲ್ಲಿ ಕೆಲವರಿಗೆ ಆರೇಳನೇ ಸಲ. ಕೆದರಿದ ಬಿಳಿ ಕೂದಲಿನ ಡಾಕ್ ಬ್ರೌನ್ ಗೊತ್ತಲ್ಲ? ಕಾಲಯಂತ್ರ ಕಟ್ಟಿದ ತಿಕ್ಕಲು ವಿಜ್ಞಾನಿ. 1955ರಲ್ಲಿ ಗಡಿಯಾರ ನೇತುಹಾಕಲು ಹೋಗಿ, ಜಾರಿ ಬಿದ್ದು ತಲೆಗೆ ಪೆಟ್ಟಾದಾಗ ಅವನಿಗೆ ಐಡಿಯಾ ಹೊಳೆಯುತ್ತೆ. ಯಂತ್ರ ಆಗುವ ಹೊತ್ತಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ, ಮನೆತನದ ಆಸ್ತಿ, ಎರಡೂ ಖರ್ಚಾಗಿರುತ್ತೆ. ತಾನು ಮುಂದೊಂದು ದಿನ ಮಾಡುವ ಯಂತ್ರ ಕೆಲಸ ಮಾಡುತ್ತೆ ಅಂತ ಗೊತ್ತಾದಾಗ ಅವನಿಗೆ ಆಗುವ ಸಂತೋಷ ನೋಡಬೇಕು. ಅಲ್ಲಿವರೆಗೆ ಮಾಡಿದ್ದು ಒಂದೂ ಕೆಲಸ ಮಾಡಿರಲಿಲ್ಲ!

ಆದರೆ ನಮ್ಮ ಕಣ್ಣಿಗೆ ಬಿದ್ದದ್ದು ಅವನ ಹಠ ಅಲ್ಲ, ಅವನು ಹಠ ಬಿಡುವ ರೀತಿ. ಪ್ಲುಟೋನಿಯಂ ಸಿಗಲಿಲ್ಲವೋ, ಸಿಡಿಲಿನಿಂದ 1.21 ಗಿಗಾವ್ಯಾಟ್ ಹಿಡಿಯಲು ನೋಡ್ತಾನೆ. ಮೂರನೇ ಭಾಗದಲ್ಲಿ 1885ಕ್ಕೆ ಹೋಗಿ ಪೆಟ್ರೋಲ್ ಇಲ್ಲದೆ ಸಿಕ್ಕಿಹಾಕಿಕೊಂಡಾಗ, ಕಾರನ್ನು ಉಗಿಬಂಡಿಯಿಂದ ತಳ್ಳಿಸ್ತಾನೆ. ಗುರಿ ಅದೇ, ದಾರಿ ಬೇರೆ.

ಸಿನಿಮಾದಲ್ಲಿ ಇದೆಲ್ಲ ಸಲೀಸು. ಇಂಥದ್ದೇ ಬದುಕು ಬದುಕಿದವರೊಬ್ಬರು ನಮ್ಮ ಕಡೆಯೇ ಇದ್ದಾರೆ ಅಂತ ನೆನಪಾದದ್ದು ಮರುದಿನ. ಮುದಗಲ್‌ನಿಂದ ಕುಷ್ಟಗಿ, ಗದಗ ದಾಟಿ ಹೋದರೆ ಧಾರವಾಡ ಜಿಲ್ಲೆಯ ಅಣ್ಣಿಗೇರಿ. ಅಲ್ಲಿಯ ರೈತ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರ ಮೊದಲ ಆವಿಷ್ಕಾರ ಕೇಳಿದರೆ ನಮ್ಮ ಹಾಸ್ಟೆಲ್‌ಗೆ ಇವತ್ತೇ ಒಂದು ಬೇಕು ಅನ್ನಿಸುತ್ತೆ. ಹುಡುಗನಾಗಿದ್ದಾಗ ಬೆಳಿಗ್ಗೆ ಏಳೋದು ಕಷ್ಟ. ಅಲಾರಂ ಗಡಿಯಾರದ ಚಾವಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ನೀರಿನ ಬಾಟಲಿ ಕಟ್ಟಿದರು. ಅಲಾರಂ ಹೊಡೆದಾಗ ಚಾವಿ ತಿರುಗಿ ದಾರ ಸುತ್ತಿಕೊಂಡು, ಬಾಟಲಿ ಬಾಗಿ, ನೀರು ಮುಖದ ಮೇಲೆ! ಡಾಕ್ ಬ್ರೌನ್ ಮನೆಯಲ್ಲಿ ಇಡಬಹುದಾದ ಸಾಮಾನು.

ಮುಂದಿನದು ತಮಾಷೆಯಲ್ಲ. ಒಣ ಭೂಮಿಯಲ್ಲಿ ಮಾವು, ಚಿಕ್ಕು ಥರದ ಗಿಡ ಹಾಕಿ ಕೈಸುಟ್ಟುಕೊಂಡರು. ಬರ ತಡೆದು ಉಳಿದದ್ದು ಹುಣಸೆ. ಬೇರೆಯವರಾಗಿದ್ದರೆ ಮತ್ತೆ ಮಾವೇ ನೆಡ್ತಿದ್ರೇನೋ. ಇವರು ಉಳಿದ ಗಿಡದ ಹಿಂದೆ ಹೋದರು. ಊರವರು 'ಹುಣಸೆ ಹುಚ್ಚ' ಅಂದರು. ಹುಣಸೆ ಬೆಳೆಯಿತು, ಈಗ ಬೀಜ ಬಿಡಿಸೋದು ಯಾರು? ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಅವ್ವ, ಅಮ್ಮಂದಿರು ಕಲ್ಲಿನ ಮೇಲೆ ಹುಣಸೆಹಣ್ಣು ಕುಟ್ಟಿ ಕುಟ್ಟಿ ಅಂಗೈ ನೋಯಿಸಿಕೊಳ್ಳೋದು ನೋಡಿದ್ದೇವೆ. ಅದಕ್ಕೊಂದು ಯಂತ್ರ ಮಾಡಿದರು. ಅದರ ಹಿಂದೆ ಬಿದ್ದು ಸಾಲವನ್ನೂ ಮಾಡಿಕೊಂಡರು. ಆಮೇಲೆ ನೇಗಿಲಿನ ಕುಳ ತಯಾರಿಸುವ ಯಂತ್ರ, ಬೀಜ ಗೊಬ್ಬರ ಎರಡನ್ನೂ ಒಟ್ಟಿಗೆ ಹಾಕುವ ಕೂರಿಗೆ, ಕಬ್ಬು ನಾಟಿಯ ಯಂತ್ರ, ಕಡಿಮೆ ಉರುವಲಿನ ನೀರು ಕಾಯಿಸುವ ಬಾಯ್ಲರ್. ಕೂರಿಗೆ ರೈತರ ಹೊಲ ಸೇರಿತು. ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ ಬಂದದ್ದು 2015ರಲ್ಲಿ.

ನಾಲ್ಕು ದಶಕ. ನಮ್ಮ ಪ್ರಾಜೆಕ್ಟಿಗೆ ಒಂದು ಸೆಮಿಸ್ಟರ್, ಅದರಲ್ಲೂ ಅರ್ಧ ರಿಪೋರ್ಟ್ ಬೈಂಡಿಂಗ್‌ಗೆ ಹೋಗುತ್ತೆ. ಇಲ್ಲಿ ಒಂದು ಮಾತು ಹೇಳಲೇಬೇಕು: ಸಾಲ ಮಾಡಿಕೊಂಡು ಹುಚ್ಚನಾಗಿ ಅಂತ ಯಾರಿಗೂ ನಾವು ಹೇಳ್ತಿಲ್ಲ. ಒಬ್ಬನ ಛಲಕ್ಕೆ ಇಡೀ ಮನೆ ಬೆಲೆ ತೆತ್ತಿರುತ್ತೆ, ಅದು ಪ್ರಶಸ್ತಿ ಫೋಟೋದಲ್ಲಿ ಕಾಣೋದಿಲ್ಲ. ನಮಗೆ ಬೇಕಾದದ್ದು ಇನ್ನೊಂದು. ನಡಕಟ್ಟಿನ ಅವರಿಗೆ ಪ್ರತಿ ಸೋಲೂ ಮುಂದಿನ ಪ್ರಶ್ನೆ ಯಾವುದು ಅಂತ ತೋರಿಸಿಕೊಟ್ಟಿತು. ನಾವು ಮಾತ್ರ ಆ ಹೊಲದಿಂದ ಬಂದು, ಕೋಡ್ ತಪ್ಪೇನೋ ಅಂತ ಮೂರು ವಾರ ಸೆನ್ಸರ್ ಬದಲಾಯಿಸುತ್ತ ಕೂತಿದ್ದೆವು. ತಪ್ಪು ಮಣ್ಣಿನಲ್ಲಿತ್ತು!

ಕೊನೆಗೆ ಮುತ್ಯಾನ ಹತ್ತಿರವೇ ಹೋದೆವು. ಹದ ನೋಡಿ ಬಿತ್ತಬೇಕು ಅಂದರು, ಅದು ಮೊದಲನೇ ಪಾಠ. ಚಕ್ರಕ್ಕೆ ಕಬ್ಬಿಣದ ಹಲ್ಲು ಬೆಸೆದೆವು, ಮಣ್ಣು ಕೆರೆದು ಬೀಳಿಸಲು ಒಂದು ಪಟ್ಟಿ ಕೂರಿಸಿದೆವು. ಈಗ ಚಕ್ರ ಜಾರೋದಿಲ್ಲ, ಕಾಳೂ ಬೀಳುತ್ತೆ. ಆದರೆ ತಟ್ಟೆಯ ಅಂಚಿಗೆ ಸಿಕ್ಕಿ ಐದಾರರಲ್ಲಿ ಒಂದು ಕಡಲೆ ಒಡೆದು ಬೇಳೆಯಾಗ್ತಿದೆ. "ಬಿತ್ತೋ ಯಂತ್ರ ಮಾಡ್ರಿ ಅಂದ್ರ ಗಿರಣಿ ಮಾಡೀರಲ್ಲೋ" ಅಂತ ಮುತ್ಯಾ ಈ ಸಲ ನಕ್ಕರು, ನಾವೂ ನಕ್ಕೆವು. ಅಂಚಿಗೆ ರಬ್ಬರ್ ಹಾಕಿ ನೋಡಬೇಕಂತಿದ್ದೇವೆ. ಹಳೆ ಸೈಕಲ್ ಟ್ಯೂಬ್ ಇದ್ದವರು ಶನಿವಾರದ ಒಳಗೆ ವರ್ಕ್‌ಶಾಪ್ ಕಡೆ ಬನ್ನಿ.