ಅರ್ಜಿ ತುಂಬುವ ಮೊದಲಿನ ಕೆಲಸ

ತುಮಕೂರು ಕಂದಾಯ ಜಿಲ್ಲೆ ಒಂದೇ, ಶಾಲಾ ಶಿಕ್ಷಣದ ಲೆಕ್ಕದಲ್ಲಿ ಮಾತ್ರ ಅದು ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಅದರ ಹೆಸರು ಬೇರೆಯಾಗಿಯೇ ಬರುತ್ತದೆ. ಪಿಯುಸಿ ಮುಗಿದ ಮೇಲೆ ಈ ನಾಲ್ಕು ತಾಲ್ಲೂಕುಗಳ ಬಡ ಮನೆಯ ಮಕ್ಕಳಿಗೆ ಎಟುಕುವುದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಅಲ್ಲಿ ಪ್ರವೇಶದ ಟೇಬಲ್ಲಿನ ಆಚೆ ಕೂರುವವರು ದ್ವಿತೀಯ ದರ್ಜೆ ಸಹಾಯಕರು (ಎಸ್‌ಡಿಎ) ಒಬ್ಬರು, ಪ್ರವೇಶ ಸಮಿತಿಯ ಒಂದಿಬ್ಬರು ಮೇಷ್ಟ್ರುಗಳು. ಅವರ ಕೆಲಸವನ್ನು ಗುಮಾಸ್ತಿಕೆ ಎಂದು ತಳ್ಳಿಹಾಕುವವರೇ ಹೆಚ್ಚು. ನನಗೆ ಅದು ಒಂದು ಕಸುಬಾಗಿ ಕಾಣುತ್ತದೆ, ಕಲಿಯಲು ವರ್ಷಗಳು ಬೇಕಾಗುವ ಕಸುಬು.

ಹಿಂದೆ ಪ್ರವೇಶವೆಂದರೆ ಟಿಸಿ, ಮಾರ್ಕ್ಸ್‌ಕಾರ್ಡ್, ಫೀಸು, ರಸೀದಿ. ಈಗ ಒಂದು ಅರ್ಜಿಯ ಬೆನ್ನಿಗೆ ಹಲವು ಕಾನೂನುಗಳು, ಯೋಜನೆಗಳು ನಿಂತಿವೆ. 2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಶೇ. 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದನ್ನು ಶೇ. 3ರಿಂದ 7ಕ್ಕೆ ಏರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು, ವಯಸ್ಸಿನಲ್ಲಿ ಐದು ವರ್ಷದ ರಿಯಾಯಿತಿ ಕೊಟ್ಟಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಬಸ್ ಚಾರ್ಜಿನ ಮಾತನ್ನೇ ತೆಗೆದುಹಾಕಿತು. ಇದರ ನಡುವೆ ಪದವಿ ನಾಲ್ಕು ವರ್ಷಕ್ಕೆ ಹೋಗಿ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ಇಷ್ಟನ್ನೂ ಒಬ್ಬ ಕುರಿಗಾಹಿ ತಂದೆಗೆ ಬಿಡಿಸಿ ಹೇಳಬೇಕಾದವರು ಈ ಟೇಬಲ್ಲಿನವರು.

ಪಳಗಿದವರು ಅರ್ಜಿ ತುಂಬುವುದಕ್ಕೆ ಮೊದಲು ಕಾಗದಗಳನ್ನೆಲ್ಲ ಟೇಬಲ್ಲಿನ ಮೇಲೆ ಸಾಲಾಗಿ ಹರಡುತ್ತಾರೆ: ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್, ಆಧಾರ್, ಜಾತಿ-ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್. ಅವರು ಮೊದಲು ನೋಡುವುದು ಅಂಕಗಳನ್ನಲ್ಲ, ಹೆಸರನ್ನು. ಮಾರ್ಕ್ಸ್‌ಕಾರ್ಡಿನಲ್ಲಿ ‘ಲಕ್ಷ್ಮೀದೇವಿ ಆರ್.’ ಇದ್ದರೆ ಆಧಾರ್‌ನಲ್ಲಿ ಬರೀ ‘ಲಕ್ಷ್ಮಿ’, ಪಾಸ್‌ಬುಕ್ಕಿನಲ್ಲಿ ‘ಲಕ್ಷ್ಮಿದೇವಮ್ಮ’. ಊರಲ್ಲಿ ಇದು ಒಬ್ಬಳೇ ಹುಡುಗಿ, ವಿದ್ಯಾರ್ಥಿವೇತನದ ಪೋರ್ಟಲ್ಲಿಗೆ ಮೂವರು. ಯಾವುದನ್ನು ತಿದ್ದಿಸಬೇಕು? ಹೊಸಬರು ಮೂರನ್ನೂ ತಿದ್ದಿಸಿಕೊಂಡು ಬಾ ಎಂದು ಕಳಿಸಿಬಿಡುತ್ತಾರೆ. ಅನುಭವಸ್ಥರು ಮಾರ್ಕ್ಸ್‌ಕಾರ್ಡನ್ನು ಮುಟ್ಟುವುದಿಲ್ಲ, ಅದರ ತಿದ್ದುಪಡಿಗೆ ಬೆಂಗಳೂರಿನ ಮಂಡಳಿಯತನಕ ಕಡತ ಹೋಗಬೇಕು. “ಆಧಾರ್‌ನ ಮಾರ್ಕ್ಸ್‌ಕಾರ್ಡಿನ ಹಾಗೆ ಮಾಡಿಸಮ್ಮ, ಆಮೇಲೆ ಅದನ್ನ ಹಿಡ್ಕೊಂಡು ಬ್ಯಾಂಕಿಗೆ ಹೋಗು” ಎನ್ನುತ್ತಾರೆ. ಈ ಕ್ರಮ ತಪ್ಪಿದರೆ ಹುಡುಗಿ ಎರಡು ಸಲ ಅಲೆಯಬೇಕು, ಅಷ್ಟೂ ದಿನ ಅವಳಪ್ಪನ ಕೂಲಿ ಹೋಯಿತು.

ಮುಂದೆ ಬ್ಯಾಂಕ್ ಖಾತೆ. ನೇರ ವರ್ಗಾವಣೆಯ ಹಣ ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆಂದು ಮನೆಯವರು ನಂಬಿರುತ್ತಾರೆ. ಅದು ಹೋಗುವುದು ಆಧಾರ್‌ಗೆ ಕೊನೆಯದಾಗಿ ಮ್ಯಾಪ್ ಆದ ಖಾತೆಗೆ. ಸಿಮ್ ಕೊಳ್ಳುವಾಗ ಗೊತ್ತಿಲ್ಲದೆ ತೆರೆದ ಖಾತೆಯೊಂದು ಅಲ್ಲಿ ಕೂತಿದ್ದರೆ ವಿದ್ಯಾರ್ಥಿವೇತನ ಅದರೊಳಗೆ ಇಳಿಯುತ್ತದೆ. ಮನೆಯವರು ಪಾಸ್‌ಬುಕ್ ಎಂಟ್ರಿ ಹಾಕಿಸಿ ಹಾಕಿಸಿ ಸೋಲುತ್ತಾರೆ. ಅದಕ್ಕೇ ‘ಹಣ ಬಂದಿಲ್ಲ ಸಾರ್’ ಎಂದು ಬಂದವರಿಗೆ ‘ಇಲಾಖೆಗೆ ಬರೆಯೋಣ’ ಎನ್ನುವ ಮೊದಲು ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ ಎಂದು ನೋಡುವುದು ಈ ಕಸುಬಿನ ಮೊದಲ ಪಾಠ.

ಇನ್ನು ಒಂದು ಟಿಕ್ ಗುರುತಿನ ಕಥೆ ಹೇಳಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ಮಿತಿ 2.5 ಲಕ್ಷ ರೂಪಾಯಿ. 2021ರ ಪರಿಷ್ಕರಣೆಯಲ್ಲಿ ಬಿಎ, ಬಿಕಾಂನಂಥ ಪದವಿಗಳಿಗೆ ನಿಗದಿಯಾದ ವಾರ್ಷಿಕ ಭತ್ಯೆ ಹಾಸ್ಟೆಲ್‌ನಲ್ಲಿರುವವರಿಗೆ 6,000, ಮನೆಯಿಂದ ಓಡಾಡುವವರಿಗೆ 3,000. ಸೈಬರ್ ಸೆಂಟರಿನ ಹುಡುಗ ಏನೂ ಕೇಳದೆ ಎರಡನೆಯದಕ್ಕೆ ಟಿಕ್ ಹಾಕಿದರೆ ಹಾಸ್ಟೆಲ್‌ನಲ್ಲಿರುವವನ ಅರ್ಧ ಹಣ ಅಲ್ಲೇ ಹೋಯಿತು. ಸುಳ್ಳು ಟಿಕ್ ಹಾಕಿಸಿಕೊಂಡರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು. ಹಾಗಾಗಿ ಬಲ್ಲವರು “ಎಲ್ಲಿ ಉಳ್ಕೊಂಡಿದೀಯಪ್ಪ?” ಎಂದು ಮೊದಲೇ ಕೇಳುತ್ತಾರೆ.

ಆದಾಯ ಪತ್ರದ ವಿಚಾರದಲ್ಲಿ ಪಾವಗಡದ್ದೇ ಒಂದು ಹೊಸ ಗಂಟು. ತಿರುಮಣಿ ಸುತ್ತ 2,050 ಮೆಗಾವಾಟ್‌ನ ಸೋಲಾರ್ ಪಾರ್ಕಿಗೆ ರೈತರು ಭೂಮಿ ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಶೇಂಗಾ ಬೆಳೆ ಒಣಗಿದ ವರ್ಷ ಆದಾಯ ಇಷ್ಟೇ ಎನ್ನಬಹುದಿತ್ತು, ಗುತ್ತಿಗೆಗೆ ಮಳೆ ಬೇಕಿಲ್ಲ. ಐದೆಕರೆಯವನಿಗೆ ಅದೇ ಒಂದು ಲಕ್ಷ ದಾಟುತ್ತದೆ. “ಹಳೇ ಆದಾಯ ಪತ್ರ ಇದೆಯಲ್ಲ ಸಾರ್” ಎನ್ನುವ ತಂದೆಗೆ, ಗುತ್ತಿಗೆ ಹಣವೂ ಆದಾಯವೇ, ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿ ಎಂದು ತಿಳಿಸುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಪತ್ರ ನಾಡಕಚೇರಿಯಲ್ಲಿ ತಡವಾದರೆ ಸರ್ಕಾರಿ ಸೇವೆಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆ ಇದೆ. ಅರ್ಜಿಗೆ ಸಿಗುವ ಜಿಎಸ್‌ಸಿ ಸಂಖ್ಯೆಯ ಚೀಟಿ ಜೋಪಾನ ಮಾಡಿದವರು, ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ದುಡ್ಡು ಸಣ್ಣದು. ಆದರೆ ಆ ಚೀಟಿಯನ್ನು ಮುಂದಿಟ್ಟವನಿಗೆ ‘ನಾಳೆ ಬಾ’ ಎನ್ನುವುದು ಕಷ್ಟ.

ಎಲ್ಲಕ್ಕಿಂತ ಜಾಣ್ಮೆ ಬೇಡುವುದು ಗಡಿ. ಪಾವಗಡವನ್ನು ಮೂರು ಕಡೆಯಿಂದ ಆಂಧ್ರ ಸುತ್ತಿಕೊಂಡಿದೆ. ಮಡಕಶಿರಾ ಕಡೆಯ ಅಮರಾಪುರ, ರೊಳ್ಳ, ಅಗಳಿಯಲ್ಲಿ ಮನೆಮಾತು ಕನ್ನಡ, ಸಂತೆ-ಸಂಬಂಧ ಶಿರಾ, ಮಧುಗಿರಿ ಕಡೆಗೆ. ಕರ್ನಾಟಕದಲ್ಲಿ ನಾಯಕ ಸಮುದಾಯ ಪರಿಶಿಷ್ಟ ಪಂಗಡ. ಅದೇ ಬಳಗದವರು ಗಡಿ ದಾಟಿದರೆ ಬೋಯರು, ಆ ಬಯಲುಸೀಮೆಯಲ್ಲಿ ಹಿಂದುಳಿದ ವರ್ಗ. ಅಣ್ಣ-ತಂಗಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂತರೂ ಅರ್ಜಿಯಲ್ಲಿ ಬೇರೆ ಬೇರೆ ಕಾಲಂ. ಜಾತಿ ತಂದೆಯ ಕಡೆಯಿಂದ, ಪತ್ರ ತಂದೆಯ ಮೂಲ ರಾಜ್ಯದಿಂದ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡಬೇಕಾದ್ದೂ ವಿದ್ಯಾರ್ಥಿಯ ಸ್ವಂತ ರಾಜ್ಯವೇ. ಆಂಧ್ರದ ಮೀಸೇವಾ ಪತ್ರ ಹಿಡಿದು ಬಂದ ಹುಡುಗನಿಗೆ ‘ಇದು ಇಲ್ಲಿ ನಡೆಯಲ್ಲ’ ಎಂದಷ್ಟೇ ಹೇಳಿ ಕಳಿಸುವವರಿದ್ದಾರೆ. ಈ ಪತ್ರ ಎಲ್ಲಿ ನಡೆಯುತ್ತದೆ, ಇಲ್ಲಿ ಫೀಸು ಎಷ್ಟು ಬೀಳುತ್ತದೆ, ಕಂತು ಕಟ್ಟಲು ಪ್ರಾಂಶುಪಾಲರನ್ನು ಕೇಳಬಹುದೇ ಎಂದು ಕೂರಿಸಿ ಹೇಳುವವರೂ ಇದ್ದಾರೆ. ನಾನು ಹೊಗಳುತ್ತಿರುವುದು ಈ ಎರಡನೆಯವರನ್ನು.

ಹೀಗೆ ಕೂರಿಸಿ ಹೇಳುವುದನ್ನು ಕಾನೂನಿನೊಳಗೇ ತಂದವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ 2012ರಲ್ಲಿ ಸಮುದಾಯ ಕಾಲೇಜುಗಳಿಗೆಂದು ವಿದ್ಯಾರ್ಥಿ ಯಶಸ್ಸಿನ ಕಾಯ್ದೆಯೊಂದನ್ನು ಮಾಡಿತು. ಹೊಸ ವಿದ್ಯಾರ್ಥಿಗೆ ಪರಿಚಯ ಶಿಬಿರ, ಸಲಹೆ, ಓದಿನ ಯೋಜನೆ ಇವೆಲ್ಲ ಪ್ರವೇಶದ ಅಂಗವೇ ಆದವು, ಸಲಹೆ ಹೇಳುವುದು ಅಲ್ಲಿ ಸಂಬಳದ ಹುದ್ದೆ. ನಮ್ಮ ಕಾನೂನುಗಳು ಸೀಟು ಕೊಟ್ಟಿವೆ, ಹಣ ಕೊಟ್ಟಿವೆ, ಗಡುವನ್ನೂ ಕೊಟ್ಟಿವೆ. ಕೂತು ತಿಳಿಸಿ ಹೇಳುವವರ ಹುದ್ದೆ ಮಾತ್ರ ಇನ್ನೂ ಮಂಜೂರಾಗಿಲ್ಲ. ಪಾಠ ಮುಗಿಸಿ ಬಂದ ಅರ್ಥಶಾಸ್ತ್ರದ ಮೇಷ್ಟ್ರೋ, ಕೆಲಸವೇ ಕಾಯಂ ಇಲ್ಲದ ಅತಿಥಿ ಉಪನ್ಯಾಸಕರೋ ಆ ಜಾಗದಲ್ಲಿ ಕೂತಿರುತ್ತಾರೆ. ಮುಂದಿನ ವರ್ಷ ಆ ಅತಿಥಿ ಉಪನ್ಯಾಸಕರು ಬೇರೆ ಕಾಲೇಜಿಗೆ ಹೋದರೆ ಯಾವ ಪತ್ರವನ್ನು ಮೊದಲು ತಿದ್ದಿಸಬೇಕು ಎಂಬುದನ್ನು ಹೊಸಬರು ಮತ್ತೆ ವಿದ್ಯಾರ್ಥಿಗಳ ಖರ್ಚಿನಲ್ಲೇ ಕಲಿಯಬೇಕು.