ಹೊಸ ಹಡಗಿಗೆ ತುಕ್ಕು ಯಾಕೆ?

ರಟ್ಟಿನಲ್ಲಿ ಹಡಗಿನ ಮಾದರಿ ಮಾಡುವುದು ನನ್ನ ಹವ್ಯಾಸ. ಬಣ್ಣ ಬಳಿದ ಮೇಲೆ ಅದಕ್ಕೆ ತುಕ್ಕಿನ ಕಲೆ ಹಾಕುತ್ತೇನೆ. "ಚೆನ್ನಾಗಿರೋದನ್ನ ಯಾಕೋ ಕೊಳೆ ಮಾಡ್ತೀಯ?" ಅಂತ ಎಲ್ಲರೂ ಕೇಳ್ತಾರೆ. ಅದಕ್ಕೆ ಕಾರಣ ಇದೆ.

ಮೊದಲು ಅಳತೆ. ಕಾರವಾರದ ಕಡಲತೀರದಲ್ಲಿ ಐ.ಎನ್.ಎಸ್. ಚಪಲ್ ಎಂಬ ಯುದ್ಧನೌಕೆ ಇದೆ. 1976ರಲ್ಲಿ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತಿಯಾದ ಇದನ್ನು 2006ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಉದ್ದ ಸುಮಾರು 38 ಮೀಟರ್. 1:100 ಅನುಪಾತದಲ್ಲಿ ಮಾಡಿದರೆ 38 ಸೆಂ.ಮೀ. ಆಗುತ್ತೆ. 170 ಸೆಂ.ಮೀ. ಎತ್ತರದ ನಾವಿಕ ಬರೀ 1.7 ಸೆಂ.ಮೀ.!

ಇನ್ನು ತುಕ್ಕು. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ತಾಗಿದರೆ ತುಕ್ಕು ಹಿಡಿಯುತ್ತೆ. ಉಪ್ಪುನೀರಿನಲ್ಲಿ ಇನ್ನೂ ಬೇಗ. ಆದರೆ ಎಲ್ಲ ಕಡೆ ಒಂದೇ ಸಮ ಬರಲ್ಲ. ಲಂಗರು ಉಜ್ಜಿ ಬಣ್ಣ ಕಿತ್ತುಹೋದ ಕಡೆ ಹುಟ್ಟಿ, ನೀರಿನ ಜೊತೆ ಕೆಳಕ್ಕೆ ಇಳಿಯುತ್ತೆ.

ಮಾಡುವ ರೀತಿ: ಹಡಗಿಗೆ ಬೂದು ಆಯಿಲ್ ಪೇಂಟ್ ಬಳಿದು ಪೂರ್ತಿ ಒಣಗಿಸಿ. ಕಂದು ಜಲವರ್ಣವನ್ನು ತೆಳ್ಳಗೆ ಕಲಸಿ, ಸಣ್ಣ ಕುಂಚದಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಒಣಗುವ ಮುಂಚೆ ಬಟ್ಟೆಯಿಂದ ಒರೆಸಿ.

ಇಲ್ಲೂ ಅನುಪಾತ ಮರೆಯಬಾರದು. 1 ಮಿ.ಮೀ. ಚುಕ್ಕೆ ಅಂದ್ರೆ ನಿಜವಾದ ಹಡಗಿನಲ್ಲಿ 10 ಸೆಂ.ಮೀ. ಕಲೆ! ಯುದ್ಧನೌಕೆಗೆ ಆಗಾಗ ಬಣ್ಣ ಬಳಿಯುತ್ತಾರೆ, ಅದಕ್ಕೆ ಕಲೆ ಕಮ್ಮಿ ಸಾಕು.

ಪ್ರತಿ ಕಲೆಗೂ ಒಂದು ಕಾರಣ ಬೇಕು. ಕಾರಣ ಗೊತ್ತಾಗದಿದ್ದರೆ ಆ ಕಲೆ ಬೇಡ. ಇದನ್ನು ನೋಡಿ ಕಲಿಯೋಕೆ ಸಮುದ್ರಕ್ಕೇ ಹೋಗಬೇಕಿಲ್ಲ, ನಮ್ಮ ಶಾಲೆಯ ಕಬ್ಬಿಣದ ಗೇಟು ಸಾಕು.