ಕೋಡಿ ಹರಿದರೆ ಕ್ಯಾಟ್‌ಫಿಶ್ ಯಾವ ಕೆರೆಗೆ?

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ಆದರೂ ಕಸಾಯಿಖಾನೆಯ ತ್ಯಾಜ್ಯ ಸುರಿದು ಕದ್ದುಮುಚ್ಚಿ ಸಾಕುವ ಹೊಂಡಗಳು ಬೆಂಗಳೂರಿನ ಆಸುಪಾಸಿನಲ್ಲಿ ಪತ್ತೆಯಾಗುತ್ತಲೇ ಇವೆ. ನೀರು ಕೊಳೆತರೆ ಈ ಮೀನು ಮೇಲೆ ಬಂದು ಗಾಳಿ ಕುಡಿಯುತ್ತದೆ, ಒದ್ದೆ ನೆಲದ ಮೇಲೆ ತೆವಳುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಒಂದು ಕೆರೆಯಲ್ಲಿ ನೆಲೆಯೂರಿತೆಂದರೆ ಪೂರ್ತಿ ಹಿಡಿದು ತೆಗೆಯುವುದು ಬಹುತೇಕ ಆಗದ ಕೆಲಸ. ಮುಂದೆ ಎಲ್ಲಿಗೆ ಹೋದೀತೆಂದು ಮೊದಲೇ ಲೆಕ್ಕ ಹಾಕಬೇಕಾಗಿರುವುದು ಅದಕ್ಕೇ.

ಲೆಕ್ಕಕ್ಕೆ ಬುನಾದಿ, ಮೀನು ಸಿಕ್ಕ ಜಾಗಗಳ ಪಟ್ಟಿ. ಆಫ್ರಿಕಾದ ತವರು ನದಿಗಳ ಜೊತೆಗೆ ಅದು ಈಗಾಗಲೇ ಹೊಕ್ಕಿರುವ ಪರಸ್ಥಳಗಳೂ ಪಟ್ಟಿಯಲ್ಲಿರಬೇಕು. ವರ್ಲ್ಡ್‌ಕ್ಲಿಮ್ ಎಂಬ ದತ್ತಾಂಶ ಭೂಮಿಯನ್ನು ಸುಮಾರು 1 ಚದರ ಕಿ.ಮೀ.ವರೆಗಿನ ಸಣ್ಣ ಚೌಕಗಳಾಗಿಸಿ ಮಳೆ, ತಾಪಮಾನದ 19 ಸೂಚಕಗಳನ್ನು ಕೊಡುತ್ತದೆ. ಮ್ಯಾಕ್ಸೆಂಟ್‌ನಂಥ ತಂತ್ರಾಂಶ ಮೀನು ಕಂಡ ಚೌಕಗಳನ್ನು ಸುತ್ತಲಿನ ಪ್ರದೇಶದೊಂದಿಗೆ ಹೋಲಿಸಿ, ಇನ್ನೂ ಕಾಣದ ಚೌಕಗಳಿಗೂ ಮೀನಿಗೆ ಎಷ್ಟು ಒಗ್ಗುತ್ತವೆಂದು ಅಂಕ ಹಾಕಿ ನಕಾಶೆ ಬಿಡಿಸುತ್ತದೆ. ಕೆಲವು ದಾಖಲೆಗಳನ್ನು ಮೊದಲೇ ಬದಿಗಿಟ್ಟು, ಆ ಜಾಗಗಳಿಗೂ ಹೆಚ್ಚು ಅಂಕ ಬಂತೇ ಎಂದು ನೋಡುವುದೇ ಪರೀಕ್ಷೆ.

ಎಡವುವುದು ಇಲ್ಲೇ. ಈ ದತ್ತಾಂಶದಲ್ಲಿರುವುದು ಗಾಳಿಯ ತಾಪಮಾನ, ಮೀನು ಬದುಕುವುದು ನೀರಿನಲ್ಲಿ. ದಾಖಲೆಗಳೂ ರಸ್ತೆ, ಕಾಲೇಜು ಇರುವ ಕಡೆಯೇ ಜಾಸ್ತಿ. ಯಾರೂ ಹುಡುಕದ ಹಳ್ಳ ನಕಾಶೆಯಲ್ಲಿ ಸುರಕ್ಷಿತವಾಗಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ನಕಾಶೆ ಹೇಳುವುದು ಮೀನು ಎಲ್ಲಿ ಬದುಕಬಲ್ಲದು ಎಂಬುದನ್ನು ಮಾತ್ರ.

ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ನೀರಿನ ದಾರಿ ಹಿಡಿಯಬೇಕು. ನಮ್ಮ ಬಯಲುಸೀಮೆಯ ಕೆರೆಗಳು ಸರಪಳಿಯಂತೆ ಕೂಡಿಕೊಂಡಿವೆ: ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು, ನೀರಿನೊಡನೆ ಮರಿಗಳು. ಜೋಗದಂಥ ಜಲಪಾತವನ್ನು ಮೀನು ಹತ್ತಲಾರದು, ಆದರೆ ಮೇಲಿನ ಹಿನ್ನೀರಿಗೆ ಒಂದು ಬಕೆಟ್ ಮರಿ ಸುರಿದರೆ ಆ ತಡೆಗೆ ಅರ್ಥವೇ ಉಳಿಯುವುದಿಲ್ಲ. 2018ರ ಪ್ರವಾಹದ ನಂತರ ಕೇರಳದ ಚಾಲಕ್ಕುಡಿ ನದಿಯಲ್ಲಿ ಅಮೆಜಾನಿನ ಅರಪೈಮಾ ಮೀನು ಬಲೆಗೆ ಬಿತ್ತು. ಅದನ್ನು ಅಲ್ಲಿಗೆ ತಂದದ್ದು ಹವಾಮಾನವಲ್ಲ, ಮನುಷ್ಯರ ಸಾಕುಕೊಳಗಳು. ನನ್ನ ಮಟ್ಟಿಗೆ ಹೊಂಡ, ಮರಿ ಮಾರಾಟ, ಅಕ್ವೇರಿಯಂ ಅಂಗಡಿಗಳನ್ನು ಗುರುತಿಸದ ಮುನ್ಸೂಚನೆ ಅರೆಬರೆ.

ಮುನ್ಸೂಚನೆಯನ್ನು ಸ್ಥಳದಲ್ಲೇ ಪರೀಕ್ಷಿಸಲೂಬಹುದು. ಹೆಚ್ಚು ಅಂಕ ಬಿದ್ದ ಕೆರೆಯಿಂದ ಒಂದೆರಡು ಲೀಟರ್ ನೀರು ಸೋಸಿದರೆ, ಮೀನು ಉದುರಿಸಿದ ಲೋಳೆ, ಮಲದ ಡಿಎನ್‌ಎ ಸೋಸುಕಾಗದದಲ್ಲಿ ಉಳಿಯುತ್ತದೆ; ಮೀನು ಕಣ್ಣಿಗೆ ಬೀಳದಿದ್ದರೂ ಅದು ಅಲ್ಲಿರುವ ಸುಳಿವು ಸಿಗುತ್ತದೆ. ಬಲೆ ಬೀಸುವವರ ಮಾತಿಗೂ ಅಷ್ಟೇ ಬೆಲೆ: ಹೊಸ ಮೀನಿನ ಫೋಟೊ, ಜಾಗ, ತಾರೀಖು. ಮೀನು ಸಿಗದ ದಿನವೂ, ಎಷ್ಟು ಹೊತ್ತು ಬಲೆ ಬಿಟ್ಟಿದ್ದರೆಂದು ಬರೆದಿಟ್ಟರೆ, ಮುಂದಿನ ನಕಾಶೆ ತಿದ್ದಲು ಬೇಕಾಗುತ್ತದೆ.